ಗಾಜಿನ ಮೇಲೆ ತಿರುಗಿದ ಬ್ಯಾಟರಿ

ಅಕ್ಕನ ಎಡಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಹಿಂದೊಮ್ಮೆ ಬ್ಯಾಟರಿ ಹೊತ್ತಿಕೊಂಡು ಸುಟ್ಟ ಜಾಗ, ಹುಣಸೆ ಬೀಜದ ಹಾಗೆ ನುಣುಪು. ಬಲಗೈ ಚೆನ್ನಾಗಿಯೇ ಇತ್ತು, ಆದರೂ ಬ್ಯಾಟರಿ ಊದಿದೆಯೇ ಎಂದು ನೋಡಲು ಬೆರಳನ್ನು ನಂಬುವುದನ್ನೇ ಅವರು ಬಿಟ್ಟಿದ್ದರು. ಯಾರು ಬ್ಯಾಟರಿ ತಂದರೂ ಗಲ್ಲಾದ ಗಾಜಿನ ಮೇಲಿಟ್ಟು ಮೂಲೆಯನ್ನು ಮೆಲ್ಲಗೆ ತಳ್ಳುವರು. ಚಪ್ಪಟೆಯಾಗಿದ್ದರೆ ಅಲ್ಲೇ ಕೂರುತ್ತದೆ. ಊದಿದ್ದರೆ ಗಿರಗಿರ ತಿರುಗುತ್ತದೆ.

ಮತ್ತಿಕೆರೆಯಲ್ಲಿ ಮನೆಯ ಕೆಳಗೇ ಅವರ ಅಂಗಡಿ. ರಿಮೋಟ್ ಕಾರು, ದೋಣಿಗಳ ಬಿಡಿಭಾಗ ಮಾರುತ್ತಿದ್ದರು. ನಮ್ಮ ಕಾಲೇಜಿನವರಿಗೆಲ್ಲ ಅವರು ಅಕ್ಕ. ಏನು ಕೇಳಿದರೂ ಮೊದಲ ಮಾತು, "ಯಾವ ಗಾಡಿಗೆ?" ಆಮೇಲೆ ಗಂಡು ತೋರಿಸುವವರ ಹಾಗೆ ಒಂದೊಂದು ಬ್ಯಾಟರಿಯ ಗುಣ ಹೇಳುವರು.

"ಲಿಪೊ ಹಗುರ, ಬಾಣದ ಥರ ಹೋಗುತ್ತೆ, ಆದ್ರೆ ಮುಂಗೋಪಿ. ಲಿಥಿಯಂ ಅಯಾನ್ ತುಂಬಾ ಹೊತ್ತು ಓಡುತ್ತೆ, ಒಂದೇ ಸಲಕ್ಕೆ ಜೋರ್ ಕೇಳ್ಬೇಡ. ಈ ಲಿಥಿಯಂ ಐರನ್ ಭಾರ, ನಿಧಾನ. ತಾಳಿದವನು ಬಾಳಿಯಾನು ಅಂತಾರಲ್ಲ, ಅದು."

ನನಗೆ ಬಾಣವೇ ಬೇಕಿತ್ತು. ಶೆಟ್ಟಿಹಳ್ಳಿಯ ಖಾಲಿ ಸೈಟುಗಳಲ್ಲಿ ಕಾರುಗಳ ರೇಸು, ನಾನೊಬ್ಬಳೇ ಹುಡುಗಿ, ಗೆಲ್ಲಲೇಬೇಕೆಂಬ ಹಟ. ಹಿಂದಿನ ದಿನವೇ ಲಿಪೊವನ್ನು ಪೂರ್ತಿ ಚಾರ್ಜ್ ಮಾಡಿಟ್ಟೆ. ಮಳೆ ಬಂದು ರೇಸು ಮೂರು ವಾರ ಮುಂದೆ ಹೋಯಿತು. ತುಂಬಿಸಿದ ಲಿಪೊವನ್ನು ಹಾಗೇ ಇಡಬಾರದೆಂದು ಅಕ್ಕ ನೂರು ಸಲ ಹೇಳಿದ್ದರು. ನಾನು ಕಿಟಕಿಯಲ್ಲೇ ಮರೆತೆ. ಊದಿದ್ದು ಕಂಡಾಗ ಟೇಪು ಬಿಗಿದೆ.

ರೇಸಿನ ಮುಂಚಿನ ಸಂಜೆ ಚಕ್ರ ಕೊಳ್ಳಲು ಕಾರು ಹಿಡಿದು ಹೋದಾಗ ಅಕ್ಕನ ಕಣ್ಣು ಟೇಪಿನ ಮೇಲೆ ಬಿತ್ತು. ಬ್ಯಾಟರಿ ಬಿಚ್ಚಿ ಗಾಜಿನ ಮೇಲಿಟ್ಟು ತಳ್ಳಿದರು. ತಿರುಗಿತು.

"ಎಲ್ಲಿ ಚಾರ್ಜ್ ಮಾಡ್ತೀಯ?"

"ರೂಮಲ್ಲೇ, ಮಂಚದ ಪಕ್ಕ."

"ರೂಮಲ್ಲಿ ಎಷ್ಟ್ ಜನ?"

"ನಾಲ್ಕು ಜನ, ಅಕ್ಕ."

ಅವರು ಹಿತ್ತಲಿನ ಮರಳು ತುಂಬಿದ ಮಡಕೆಗೆ ಅದನ್ನು ಹಾಕಿ ಬಂದು, ಲಿಥಿಯಂ ಐರನ್ ಒಂದನ್ನು ನನ್ನ ಕೈಗಿಟ್ಟರು.

"ಇದ್ರಲ್ಲಿ ಗೆಲ್ಲಕ್ಕಾಗಲ್ಲ ಅಕ್ಕ! ನನ್ನದು ನನಗೆ ಕೊಡಿ," ಎಂದು ಕಿರುಚಿದೆ.

"ಓಡ್ಸಕ್ಕಾಗುತ್ತೆ ಕಣೇ. ಅದನ್ನ ಮಾತ್ರ ಕೊಡಲ್ಲ. ಬೇಕಾದ್ರೆ ಬೈದ್ಕೊಂಡ್ ಹೋಗು."

ಬೈದುಕೊಂಡೇ ಹೋದೆ. ರೇಸಿನಲ್ಲಿ ಕೊನೆಯವಳಾದೆ. ಎರಡು ತಿಂಗಳು ಆ ರಸ್ತೆಗೇ ಕಾಲಿಡಲಿಲ್ಲ. ಕೊನೆಗೆ ಹೋಗಿ, ಕುತ್ತಿಗೆ ಕೊಂಕಿಸಿಕೊಂಡೇ ಕೇಳಿದೆ, "ನನ್ನ ಬ್ಯಾಟರಿ ಹೊತ್ತಿಕೊಂಡ್ತಾ?"

"ಇಲ್ವಲ್ಲ. ಮಡಕೇಲಿ ತಣ್ಣಗೆ ಕೂತಿತ್ತು."

"ಮತ್ತೆ ಸುಮ್‌ಸುಮ್ನೆ ಕಿತ್ಕೊಂಡ್ರಾ?"

"ಹೂಂ ಕಣೇ," ಎಂದು ನಕ್ಕರು. "ಸುಮ್‌ಸುಮ್ನೆ ಅಂತ ನೀನು ಬೈಯೋಕೆ ಇದೀಯಲ್ಲ, ಅಷ್ಟ್ ಸಾಕು ನಂಗೆ."

ಅಕ್ಕ ಹೋದ ವರ್ಷ ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ಗಲ್ಲಾದ ಗಾಜನ್ನು ನಾನು ಕೇಳಿ ತಂದೆ. ಈಗ ಯಶವಂತಪುರದ ವರ್ಕ್‌ಶಾಪಿನಲ್ಲಿ ಬ್ಯಾಟರಿ ಪರೀಕ್ಷಿಸುವುದು ನನ್ನ ಕೆಲಸ. ಗಾಜು ನನ್ನ ಮೇಜಿನ ಮೇಲಿದೆ. ತಿರುಗಿದ್ದನ್ನೆಲ್ಲ ಪಕ್ಕದ ಮರಳಿನ ಮಡಕೆಗೆ ಹಾಕುತ್ತೇನೆ.

"ಇಷ್ಟಕ್ಕೆಲ್ಲ ಏನೂ ಆಗಲ್ಲ ಬಿಡಿ ಮೇಡಂ," ಎಂದು ಹುಡುಗರು ಗೊಣಗುತ್ತಾರೆ.

"ಆಗ್ಬಾರ್ದು ಅಂತಾನೇ ಕಣ್ರೋ. ಬೇಕಾದ್ರೆ ಬೈದ್ಕೊಳ್ಳಿ," ಎನ್ನುತ್ತೇನೆ.