ಹಿಟ್ಟಿನ ಮೋಟಾರು

ಇವತ್ತು ಬೆಳಿಗ್ಗೆ ಹಿತ್ತಿಲ ಕೋಣೆಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದಾಗ ಹುದುಗು ಬಂದ ಇಡ್ಲಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆ ಆ ಕಡೆ ಇದೆ, ಬಾಗಿಲೂ ಹಾಕಿತ್ತು. ವಾಸನೆ ಬರುತ್ತಿದ್ದದ್ದು ಆಗಷ್ಟೇ ನಿಲ್ಲಿಸಿದ ಮೋಟಾರಿನಿಂದ. ನೀವು ನಗಬಹುದು, ಆದರೆ ನಮ್ಮ ಮೋಟಾರು ಬಿಸಿಯಾದರೆ ಹಾಗೇ. ಅದರ ಹೊಟ್ಟೆಯೊಳಗೆ ಗಾಳಿಯಾಡುವ ಸಂದುಗಳಲ್ಲಿ ಎಷ್ಟೋ ವರ್ಷದ ಅಕ್ಕಿ ಉದ್ದಿನ ಹಿಟ್ಟು ಒಣಗಿ ಕೂತಿದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದೇನೆ, ಸೈಕಲ್ ಪಂಪಿನಿಂದ ಗಾಳಿ ಹೊಡೆದಿದ್ದೇನೆ, ಪೂರ್ತಿ ಹೋಗಿಲ್ಲ. ಈಗ ಅದು ಹಿಟ್ಟು ರುಬ್ಬುವುದಿಲ್ಲ, ಮರ ಕಡೆಯುತ್ತದೆ. ಆದರೂ ಎಲ್ಲಿಂದ ಬಂದದ್ದೆಂದು ಅದಕ್ಕಿನ್ನೂ ನೆನಪಿದ್ದಂತಿದೆ.

ಅದು ಬಂದದ್ದು ಮಂಡಿ ಮೊಹಲ್ಲಾದಿಂದ, ನನ್ನ ಅಕ್ಕ ಸುಶೀಲಳ ಮನೆಯಿಂದ. ಅಕ್ಕ ಮತ್ತು ಮಹದೇವ ಭಾವ ಇಬ್ಬರೂ ಸೇರಿ ಮನೆಯ ಮುಂಗೋಣೆಯಲ್ಲಿ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಸುತ್ತಲಿನ ಸಣ್ಣ ಹೋಟೆಲುಗಳಿಗೆ ಕೊಡುತ್ತಿದ್ದರು. ಮಕ್ಕಳಿರಲಿಲ್ಲ. ಕೋಣೆಯ ಮುಕ್ಕಾಲು ಭಾಗ ಒಂದು ದೊಡ್ಡ ಕಲ್ಲಿನ ಗ್ರೈಂಡರು. ಅದರ ಪಕ್ಕದಲ್ಲಿ ಈ ಮೋಟಾರು. ಎರಡರ ನಡುವೆ ಒಂದು ಬೆಲ್ಟು. ಭಾವ ಉಳಿದ ಕಾಲು ಭಾಗದಲ್ಲಿ ಬರಿಮೈಯಲ್ಲಿ ವಿಭೂತಿ ಹಚ್ಚಿಕೊಂಡು ಓಡಾಡುತ್ತಿದ್ದರು. ಹಿಟ್ಟು ಯಾವುದು, ವಿಭೂತಿ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಆ ಮೋಟಾರಿಗೊಂದು ಕಾಯಿಲೆಯಿತ್ತು. ಸ್ವಿಚ್ಚು ಹಾಕಿದರೆ ‘ಗುಂಯ್’ ಎಂದು ಮೂಲೆಯಲ್ಲಿ ಕೂತು ಗೊಣಗುವುದು, ತಿರುಗುವುದಿಲ್ಲ. ಆಗ ಭಾವ ಬಗ್ಗಿ ಅಂಗೈಯಿಂದ ಬೆಲ್ಟನ್ನು ಒಂದು ಸಲ ಜಗ್ಗುತ್ತಿದ್ದರು. “ಏಳು ತಾಯಿ, ಹೊತ್ತಾಯ್ತು” ಎನ್ನುತ್ತಿದ್ದರು, ಸ್ಕೂಲಿಗೆ ಹೋಗುವ ಮಗುವನ್ನು ಎಬ್ಬಿಸುವವರಂತೆ. ಅದು ಎರಡು ಸಲ ಕುಲುಕಿ, ಆಮೇಲೆ ಓಟ ಹಿಡಿಯುತ್ತಿತ್ತು. ಒಳಗಿನಿಂದ ಅಕ್ಕನ ದನಿ: “ಅದಕ್ಕೊಂದು ಹೊಸಾ ಕೆಪಾಸಿಟರ್ ಹಾಕ್ಸ್ರಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ.” ಭಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, “ನಾಳೆ ಹಾಕಿಸ್ತೀನಿ ಕಣೇ” ಎನ್ನುತ್ತಿದ್ದರು. ನಾನು ಅಲ್ಲಿಗೆ ಹೋದಾಗಲೆಲ್ಲ ಈ ಮಾತುಕತೆ ಕೇಳಿದ್ದೇನೆ. ಗಂಡಹೆಂಡಿರ ಸರಸವೇ ಅದು ಎಂದುಕೊಂಡಿದ್ದೆ.

ಹೋದ ವರ್ಷವಲ್ಲ, ಅದರ ಹಿಂದಿನ ಬೇಸಿಗೆಯಲ್ಲಿ ಭಾವ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅಕ್ಕ ಗ್ರೈಂಡರಿನ ಕಲ್ಲು, ಡ್ರಮ್ಮು, ಪಾತ್ರೆಗಳನ್ನೆಲ್ಲ ಒಂದು ಹಾಸ್ಟೆಲಿಗೆ ಕೊಟ್ಟುಬಿಟ್ಟು, ಒಂಟಿಕೊಪ್ಪಲಿನ ನಮ್ಮ ಮನೆಯ ಮಹಡಿಗೆ ಬಂದಳು. ಹಾಸ್ಟೆಲಿನವರಿಗೆ ಅವರದೇ ಮೋಟಾರಿತ್ತಂತೆ. ಹಾಗಾಗಿ ಇದು ಮಾತ್ರ ಉಳಿದು, ಭಾವನ ಹಳೇ ಪಂಚೆಯಲ್ಲಿ ಸುತ್ತಿಕೊಂಡು, ಅಕ್ಕನ ಟ್ರಂಕಿನ ಪಕ್ಕ ಟೆಂಪೋದಲ್ಲಿ ಕೂತು ಬಂತು. ಮೆಟ್ಟಿಲ ಕೆಳಗೆ ಇಟ್ಟೆವು.

ಇಲ್ಲಿ ನನ್ನ ವಿಚಾರವನ್ನೂ ಸ್ವಲ್ಪ ಹೇಳಬೇಕು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಮರಗೆಲಸದ ಹುಚ್ಚು ಹಿಡಿಯಿತು. ಹಿತ್ತಿಲಲ್ಲಿದ್ದ ಹಳೇ ಬಚ್ಚಲುಮನೆಯ ಹಂಡೆ ಒಲೆ ಒಡೆಸಿ ಅದನ್ನೇ ಕಾರ್ಖಾನೆ ಮಾಡಿಕೊಂಡೆ. ಮೊದಲು ಮಾಡಿದ ಸ್ಟೂಲಿನ ಮೂರು ಕಾಲು ನೆಲ ಮುಟ್ಟುತ್ತಿದ್ದವು, ನಾಲ್ಕನೆಯದು ಇನ್ನೂ ಯೋಚನೆಯಲ್ಲಿತ್ತು. ನನ್ನ ಹೆಂಡತಿ ನಾಗರತ್ನ ಅದರ ಮೇಲೆ ತುಳಸಿ ಕುಂಡ ಇಟ್ಟಳು. “ಮನುಷ್ಯರು ಬೀಳೋದು ಬೇಡ” ಎಂದಳು. ಕಪಾಟು ಮಾಡಿದೆ, ಬಾಗಿಲು ಮುಚ್ಚುತ್ತದೆ, ತೆರೆಯುವುದಕ್ಕೆ ಸ್ಕ್ರೂಡ್ರೈವರ್ ಬೇಕು. ನನ್ನ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣ ಒಂದೇ. ನನ್ನ ಹತ್ತಿರ ಲೇತು ಇರಲಿಲ್ಲ. ಮರದ ತುಂಡು ಗಿರಗಿರ ತಿರುಗುತ್ತಿರಬೇಕು, ಉಳಿ ಹಿಡಿದರೆ ಸಿಪ್ಪೆ ಸುರುಳಿಯಾಗಿ ಏಳಬೇಕು, ಬುಗುರಿ, ಲಟ್ಟಣಿಗೆ, ಮಂಚದ ಕಾಲು ಒಂದೊಂದಾಗಿ ಹೊರಬರಬೇಕು. ಅದಕ್ಕೆ ಬೇಕಾದದ್ದು ಒಂದು ಮೋಟಾರು. ಆ ಮೋಟಾರು ಮೆಟ್ಟಿಲ ಕೆಳಗೆ ಪಂಚೆ ಉಟ್ಟುಕೊಂಡು ಕೂತಿತ್ತು.

ಕೇಳುವುದಕ್ಕೆ ನಾಲಗೆ ಬರಲಿಲ್ಲ. ಆ ದಿನಗಳಲ್ಲಿ ಅಕ್ಕ ಹೆಚ್ಚು ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಹೋಗಿರಲಿಲ್ಲ. ಎದ್ದು ಮಹಡಿಯ ಬಾಲ್ಕನಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ದಿನವಿಡೀ ಹಿಟ್ಟಿನಲ್ಲಿ ಆಡುತ್ತಿದ್ದ ಆ ಕೈಗಳು ಹಾಗೆ ಸುಮ್ಮನಿರುವುದನ್ನು ನೋಡಲಾಗುತ್ತಿರಲಿಲ್ಲ. ನಾಗರತ್ನ ಸೊಪ್ಪು ಸೋಸುವುದಕ್ಕೆ ಕೊಟ್ಟರೆ ಸೋಸಿ ಇಡುವಳು, ಮತ್ತೆ ಹೋಗಿ ಕೂರುವಳು. ಮಂಡಿ ಮೊಹಲ್ಲಾ ಕಡೆ ಹೋಗೋಣವೇ ಎಂದರೆ, “ಬ್ಯಾಡ ಬುಡು” ಎಂದು ಮುಖ ತಿರುಗಿಸುವಳು.

ಒಂದು ದಿನ ನಾನು ಮೆಟ್ಟಿಲ ಬಳಿ ನಿಂತು ಪಂಚೆಯ ಅಂಚು ಸರಿಸಿ ಮೋಟಾರಿನ ತಿರುಗುವ ದಂಡವನ್ನು ನೋಡುತ್ತಿದ್ದೆ. ಮೇಲಿನ ಮೆಟ್ಟಿಲಿಂದ ಅಕ್ಕನ ದನಿ ಬಂತು.

“ಯಾಕೋ ಅಂಗ್ ನೋಡ್ತೀಯಾ ಅದನ್ನ? ಹೆಣ್ಣು ನೋಡೋಕ್ ಬಂದವನ ಥರ?”

ನಾನು ತೊದಲಿದೆ. ಲೇತು, ಮರ, ಬುಗುರಿ ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ತಗೊಂಡೋಗು. ಕೂತು ತುಕ್ಕು ಹಿಡೀತಿದೆ. ಆದ್ರೆ ಒಂದು ಮಾತು, ನಾನು ಮನೇಲಿದ್ದಾಗ ಹಾಕ್ಬೇಡ. ಅದರ ಸದ್ದು ನನಗಾಗಲ್ಲ.”

ಹಾಗಾಗಿ ನನ್ನ ಲೇತು ಕದ್ದುಮುಚ್ಚಿ ಹುಟ್ಟಿತು. ಸಂಜೆ ಅಕ್ಕ ನಾಗರತ್ನಳ ಜೊತೆ ಪಾರ್ಕಿಗೆ ಹೋದ ಮೇಲೆಯೇ ನಾನು ಸ್ವಿಚ್ಚು ಮುಟ್ಟುತ್ತಿದ್ದದ್ದು. ದಪ್ಪ ಹಲಗೆಗಳ ಬೆಂಚು ಮಾಡಿ, ಮೋಟಾರನ್ನು ಕೆಳಗೆ ಬೋಲ್ಟ್ ಹಾಕಿ ಕೂರಿಸಿದೆ. ಮೇಲೆ ಮರ ಹಿಡಿದುಕೊಳ್ಳುವ ಭಾಗ, ನಡುವೆ ಬೆಲ್ಟು. ಮೊದಲ ದಿನ ಬೆಲ್ಟನ್ನು ಜಗ್ಗಿ ಎಬ್ಬಿಸಿದಾಗ ಮರ ತಿರುಗಿತು, ಆದರೆ ತಿರುಗುಮುರುಗಾಗಿ. ಉಳಿ ಇಟ್ಟ ಕ್ಷಣ ಅದನ್ನು ಮೇಲಕ್ಕೆತ್ತಿ ಗೋಡೆಗೆಸೆಯಿತು. ನಾನು ಬಚ್ಚಲಿನ ತೂಬಿನ ಬಳಿ ಕುಕ್ಕರುಗಾಲಲ್ಲಿ ಕೂತು ದೇವರನ್ನು ನೆನೆದೆ. ಮರ ನಮ್ಮ ಕಡೆಗೆ ಇಳಿಯುತ್ತ ತಿರುಗಬೇಕು, ನಮ್ಮಿಂದ ದೂರಕ್ಕಲ್ಲ. ಬೋಲ್ಟ್ ಬಿಚ್ಚಿ ಮೋಟಾರಿನ ಮುಖವನ್ನೇ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ಕೂರಿಸಿದ ಮೇಲೆ ದಾರಿಗೆ ಬಂತು.

ಉಳಿದದ್ದು ಅದರ ಹಳೇ ಕಾಯಿಲೆ. ಉದಯಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯೊಂದಕ್ಕೆ ಹೋಗಿ, ಹಳೇ ಕೆಪಾಸಿಟರ್ ತೋರಿಸಿ, ಅಂಥದ್ದೇ ಹೊಸದು ತಂದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಡಬ್ಬಿ, ಎರಡು ವೈರು; ಮೋಟಾರಿಗೆ ಮೊದಲ ತಳ್ಳು ಕೊಡುವುದು ಅದರ ಕೆಲಸ. ಹಾಕಿ ಸ್ವಿಚ್ಚು ಒತ್ತಿದೆ. ಮೋಟಾರು ಗೊಣಗಲಿಲ್ಲ. ತಟ್ಟನೆ ತಾನೇ ಎದ್ದು ಓಡಿತು. ಭಾವನಿಗೆ ತೋರಿಸಬೇಕೆನ್ನಿಸಿ ಒಂದು ಕ್ಷಣ ಹಿಂದಿರುಗಿ ನೋಡಿದೆ. ಹಿಂದೆ ಗೋಡೆ ಮಾತ್ರ ಇತ್ತು.

ಅದಾಗಿ ಕೆಲವು ದಿನಕ್ಕೆ, ಹನಿ ಬಿತ್ತೆಂದು ಅಕ್ಕ ಪಾರ್ಕಿನಿಂದ ಬೇಗ ಬಂದುಬಿಟ್ಟಳು. ನನಗೆ ಸದ್ದಿನಲ್ಲಿ ಕೇಳಿಸಲಿಲ್ಲ. ತಲೆಯೆತ್ತಿದರೆ ಹಿತ್ತಿಲ ಕೋಣೆಯ ಬಾಗಿಲಲ್ಲಿ ಒದ್ದೆ ಸೆರಗು ಹೊದ್ದು ನಿಂತಿದ್ದಾಳೆ. ನಾನು ಗಾಬರಿಯಾಗಿ ಆರಿಸಿದೆ.

“ಹಾಕು,” ಎಂದಳು.

“ಬೇಡಕ್ಕ, ನಾಳೆ...”

“ಹಾಕೋ ಅಂದೆ.”

ಹೀಗೆ ಹೇಳುತ್ತಲೇ ಒಳಗೆ ಬಂದು ಬಗ್ಗಿ, ಬೆಲ್ಟಿನ ಕಡೆಗೆ ಕೈ ಚಾಚಿದಳು. ಸ್ವಿಚ್ಚೊತ್ತಲು ಹೋದ ನಾನು ಕಿರುಚಿಕೊಂಡೆ: “ಅಕ್ಕಾ, ಕೈ! ಜಗ್ಗೋದು ಬೇಡ, ತಾನೇ ತಿರುಗುತ್ತೆ.” ಅವಳು ಕೈ ಹಿಂದಕ್ಕೆಳೆದುಕೊಂಡಳು. ಸ್ವಿಚ್ಚು ಒತ್ತಿದೆ. ಮೋಟಾರು ಎದ್ದಿತು.

“ತಾನೇ ಎದ್ದುಬುಡ್ತಲ್ಲೋ,” ಎಂದಳು. ಮೆಲ್ಲಗೆ, ನನಗಲ್ಲದ ಹಾಗೆ. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಮಹಡಿಗೆ ಹೋದವಳು ಊಟಕ್ಕೂ ಇಳಿಯಲಿಲ್ಲ.

ನಾಗರತ್ನ ನನ್ನ ತಟ್ಟೆಗೆ ಸಾರು ಬಡಿಸುವ ರೀತಿಯಲ್ಲೇ ಕೋಪ ಗೊತ್ತಾಗುತ್ತಿತ್ತು. “ನಿಮ್ಮ ಭಾವ ಕೈಯಾರೆ ಎಬ್ಬಿಸ್ತಿದ್ದ ಮೋಟಾರು. ಅದೊಂದು ಗುರುತು ಉಳಿದಿತ್ತು ಅತ್ತಿಗೆಗೆ. ಅದನ್ನೂ ರಿಪೇರಿ ಮಾಡ್ಬಿಟ್ರಾ?” ಎಂದಳು. ನನಗೂ ಹಾಗೇ ಅನ್ನಿಸಿತು. ಕೆಲವನ್ನು ಕೆಟ್ಟ ಹಾಗೇ ಬಿಡಬೇಕಿತ್ತೇನೋ. ಬೆಳಿಗ್ಗೆ ಎದ್ದವನೇ ಹೊಸ ಕೆಪಾಸಿಟರ್ ಬಿಚ್ಚಿ ಹಳೆಯದನ್ನೇ ಮತ್ತೆ ಸಿಕ್ಕಿಸತೊಡಗಿದೆ. ಕೆಲಸ ಮುಗಿಯುವಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಳು.

“ಏನ್ ಮಾಡ್ತಿದ್ದೀಯೋ?”

“ಹಳೇದನ್ನೇ ಹಾಕ್ತಿದ್ದೀನಿ ಅಕ್ಕ. ಭಾವ ಎಬ್ಬಿಸ್ತಿದ್ದ ಹಾಗೇ ಇರ್ಲಿ ಅಂತ.”

ಅವಳು ನನ್ನನ್ನೇ ನೋಡಿದಳು. ಲೋಟವನ್ನು ಬೆಂಚಿನ ಮೇಲಿಟ್ಟಳು.

“ಹುಚ್ಚಾ ನಿನಗೆ? ತೆಗಿ ಅದನ್ನ. ನಿಮ್ಮ ಭಾವನ ಉಂಗುರದ ಬೆರಳು ನೋಡಿಲ್ವಾ ನೀನು? ತುದಿ ಸೊಟ್ಟಗಿತ್ತಲ್ಲ? ಬೆಲ್ಟಿಗೆ ಸಿಕ್ಕಿದ್ದು ಕಣೋ. ಮದುವೆಯಾದ ಹೊಸದ್ರಲ್ಲಿ. ಆವತ್ತಿಂದ ದಿನಾ ಬೆಳಗಾದ್ರೆ ಆ ಗುಂಯ್ ಅನ್ನೋ ಸದ್ದು. ಅದು ಬಂದ್ರೆ ನಾನು ಒಲೆ ಮುಂದೆ ಉಸಿರು ಬಿಗಿಹಿಡ್ಕೊಂಡು ನಿಂತ್ಕೋತಿದ್ದೆ. ಓಡೋಕೆ ಶುರುವಾದ್ರೆ, ಸದ್ಯ, ಇವತ್ತು ಕೈ ಉಳೀತು ಅಂತ ಉಸಿರು ಬಿಡೋಳು. ಅದನ್ನ ಕೇಳೋಕಾಗ್ದೆ ತಾನೇ ನಿನಗೆ ಹಾಕ್ಬೇಡ ಅಂದಿದ್ದು? ನಿನ್ನೆ ನಿನ್ನ ಕೈ ಸಿಕ್ಕೋದು ಬೇಡ ಅಂತ್ಲೇ ನಾನು ಬೆಲ್ಟಿಗೆ ಕೈ ಚಾಚಿದ್ದು.”

ನಾನು ಕೂತಲ್ಲೇ ಹಳೇ ಕೆಪಾಸಿಟರನ್ನು ಮತ್ತೆ ಬಿಚ್ಚತೊಡಗಿದೆ.

“ಮತ್ತೆ ನಿನ್ನೆ ಯಾಕಕ್ಕ ಅಳ್ತಾ ಹೋದೆ?”

ಅವಳು ಹೊಸ ಕೆಪಾಸಿಟರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ತೂಕ ನೋಡುವವಳಂತೆ ಆಡಿಸಿದಳು.

“ಇಷ್ಟೇನಾ ಅಂತ ಅಳು ಬಂತು. ಇಷ್ಟೇ ಇಷ್ಟು ಡಬ್ಬಿ. ಇಷ್ಟು ಸುಲಭ ಇತ್ತು. ಜನ್ಮವೆಲ್ಲ ನಾಳೆ, ನಾಳೆ ಅಂದ್ರಲ್ಲ ಆ ಮನುಷ್ಯ.” ಹೇಳುತ್ತ ಹೇಳುತ್ತ ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. “ಬೈಬೇಕು ಅಂದ್ರೆ ಎದುರಿಗಿಲ್ಲ. ಹಾಕು ಇದನ್ನ. ಯಾರೋ ಒಬ್ಬರು ಹಾಕಿದ್ರಲ್ಲ, ಸಾಕು.”

ಹಾಕಿದೆ. ಸ್ವಿಚ್ಚನ್ನು ಅವಳೇ ಒತ್ತಿದಳು. ಮೋಟಾರು ತಾನಾಗಿ ತಿರುಗಿತು. ಅವಳ ಭುಜ ಸ್ವಲ್ಪ ಕೆಳಗಿಳಿದದ್ದು ನನಗೆ ಕಾಣಿಸಿತು. ಎಷ್ಟೋ ವರ್ಷದ ಉಸಿರನ್ನು ಆ ಹಳೇ ಬಚ್ಚಲುಮನೆಯಲ್ಲಿ ನಿಂತು ಬಿಟ್ಟಳೆಂದು ತೋರಿತು. ಕಾಫಿ ಆರಿಹೋಗಿತ್ತು. ಅದನ್ನೇ ಇಬ್ಬರೂ ಅರ್ಧರ್ಧ ಕುಡಿದೆವು.

ನಿಂತವಳು ಹೋಗಲಿಲ್ಲ. ನಾನು ಕಡೆಯುತ್ತಿದ್ದದ್ದನ್ನು ನೋಡುತ್ತ, “ಅದೇನೋ ಅಂಗೆ ಗುದ್ದಾಡ್ತೀಯಾ ಮರದ ಜೊತೆ? ಕೊಡಿಲ್ಲಿ” ಎಂದಳು. ಮೊದಲ ದಿನ ಅವಳೂ ನನ್ನ ಹಾಗೆಯೇ ಕೆಡಿಸಿದಳು, ಅದನ್ನು ನಾನು ಸಂತೋಷದಿಂದಲೇ ದಾಖಲಿಸುತ್ತೇನೆ. ತುಂಡು ಸೀಳಿ ಹಾರಿತು. ಮಾರನೆಯ ದಿನ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಬಳೆ ತೆಗೆದಿಟ್ಟು ಮತ್ತೆ ಬಂದಳು. ಅದರ ಮಾರನೆಯ ದಿನವೂ ಬಂದಳು. ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕ ತಂದುಕೊಟ್ಟೆ, “ಯಾವ್ದೋ ಸ್ಕೂಟರ್ ರೇಸಿನವಳ ಥರ ಕಾಣ್ತೀನಿ” ಎಂದು ಬೈದುಕೊಂಡೇ ಹಾಕಿದಳು. ಹಿಟ್ಟು ಹದವಾಯಿತೇ ಎಂದು ಎರಡು ಬೆರಳಲ್ಲಿ ನೋಡುತ್ತಿದ್ದಳಲ್ಲ, ಹಾಗೇ ತಿರುಗುವುದು ನಿಂತ ಮರವನ್ನು ಎರಡು ಬೆರಳಲ್ಲಿ ಸವರಿ, ಇನ್ನೊಂದಿಷ್ಟು ಎನ್ನುವಳು. ಕೊನೆಗೆ ಒಂದು ಲಟ್ಟಣಿಗೆ ಹುಟ್ಟಿತು. ನಾಗರತ್ನ ಅದರಲ್ಲಿ ಚಪಾತಿ ಲಟ್ಟಿಸಿ, “ನಿಮ್ಮ ಸ್ಟೂಲಿಗಿಂತ ವಾಸಿ” ಎಂದಳು. ಆಮೇಲೆ ಕಡಗೋಲು ಬಂತು, ಮಣೆಯ ಕಾಲು ಬಂದವು, ಎದುರು ಮನೆಯವರ ತೊಟ್ಟಿಲಿಗೆ ಕಂಬಿ ಬಂದವು. ಬಾಲ್ಕನಿಯ ಕುರ್ಚಿಯಲ್ಲಿ ಈಗ ಬಟ್ಟೆ ಒಣಗುತ್ತವೆ. ನನಗೆ ಉಪ್ಪುಕಾಗದ ಉಜ್ಜುವ ಕೆಲಸಕ್ಕೆ ವರ್ಗವಾಗಿದೆ.

ಇವತ್ತು ನಾನು ಹೊಟ್ಟು ಗುಡಿಸುತ್ತಿದ್ದಾಗಲೇ ಅಕ್ಕ ಚೀಲ ಹಿಡಿದು ಬಂದು, “ಮರ ಮುಗಿದೋಯ್ತು. ನಡಿ, ಮಂಡಿ ಮೊಹಲ್ಲಾಗೆ ಹೋಗ್ ಬರೋಣ” ಎಂದಳು. ನಾನು ಪೊರಕೆ ಹಿಡಿದೇ ನಿಂತೆ. ಆ ಹೆಸರನ್ನು ಅವಳಾಗಿ ಎತ್ತಿದ್ದು ಇದೇ ಮೊದಲು. ಅಂಗಿ ಹಾಕಿಕೊಂಡು ಹೊರಟೆ.

ಮರದ ಅಂಗಡಿಗೆ ಅಕ್ಕ ಭಾವನ ಹಳೇ ಬೀದಿಯ ಮೂಲಕವೇ ಹೋಗಬೇಕು. ಅವರಿದ್ದ ಮನೆಯ ಮುಂಗೋಣೆಯಲ್ಲಿ ಈಗ ಯಾರೋ ಪೆಟ್ಟಿಗೆಗಳನ್ನು ಜೋಡಿಸಿದ್ದರು. ಅಕ್ಕ ನಿಂತಳು, ಒಳಗೆ ಕಣ್ಣು ಹಾಯಿಸಿದಳು, “ಗೋಡೆಗೆ ಸುಣ್ಣ ಹೊಡೆಸಿದ್ದಾರೆ, ವಾಸಿ” ಎಂದು ಮುಂದೆ ನಡೆದಳು. ಅಂಗಡಿಯಲ್ಲಿ ಹಲಸಿನ ತುಂಡುಗಳನ್ನು ಒಂದೊಂದಾಗಿ ತಟ್ಟಿ, ಬಿರುಕಿದೆಯೇ ಎಂದು ತಿರುವಿ ನೋಡಿ ಆರಿಸಿದಳು. ತಿರುಗಿ ಬರುವಾಗ ಹಳೇ ನೆರೆಯಾಕೆ ರಜಿಯಾ ಬಾನು ಕಿಟಕಿಯಿಂದಲೇ ಕೂಗಿಕೊಂಡು ಹೊರಗೋಡಿ ಬಂದರು. ಅಕ್ಕನ ಎರಡೂ ಕೈ ಹಿಡಿದು ಕಣ್ಣು ತುಂಬಿಕೊಂಡರು.

“ಎಷ್ಟು ದಿನ ಆಯ್ತು ಸುಶೀಲಮ್ಮ! ಹೆಂಗಿದ್ದೀರಾ? ಈಗ ಏನ್ ಮಾಡ್ಕೊಂಡಿದ್ದೀರಾ?”

ಹಿಂದೆಲ್ಲ ಯಾರಾದರೂ ಹೀಗೆ ಕೇಳಿದರೆ ಅಕ್ಕ ‘ಏನ್ ಮಾಡೋದು, ತಮ್ಮನ ಮನೇಲಿದ್ದೀನಿ’ ಎಂದು ನೆಲ ನೋಡುತ್ತಿದ್ದಳು. ನಾನು ಆ ಉತ್ತರಕ್ಕೇ ಕಾದೆ.

“ಮರ ಕಡೀತೀನಿ ಕಣ್ರೀ,” ಎಂದಳು ಅಕ್ಕ. “ಮನೇಲಿ ಲೇತ್ ಇದೆ. ಬನ್ನಿ ಒಂದಿನ, ನಿಮ್ಮ ಮೊಮ್ಮಗನಿಗೆ ಬುಗುರಿ ಮಾಡ್ಕೊಡ್ತೀನಿ.”

ರಜಿಯಾ ಬಾನು ಬೆರಗಾಗಿ ಅವಳನ್ನೂ, ಎರಡೂ ಕಂಕುಳಲ್ಲಿ ಹಲಸಿನ ತುಂಡು ಅವುಚಿಕೊಂಡು ಬೆವರುತ್ತಿದ್ದ ನನ್ನನ್ನೂ ನೋಡಿದರು.

“ಇವರು?”

“ನನ್ನ ತಮ್ಮ. ಬ್ಯಾಂಕಲ್ಲಿದ್ದ. ಈಗ ನನಗೆ ಕೈಯಾಳು.”

ನಾನು ತುಂಡುಗಳನ್ನು ಸರಿಯಾಗಿ ಎತ್ತಿಕೊಂಡು, ಆಟೋ ನಿಲ್ಲುವ ಕಡೆಗೆ ಅವಳ ಹಿಂದೆ ನಡೆದೆ.