ಮೂಡಲಗಿ ಕಡೆಯ ಸವಳು ಹೊಲಕ್ಕೆ ಹೋದ ಭಾನುವಾರ

ಶಿವರಾತ್ರಿ ಇನ್ನೂ ದೂರವಿತ್ತು. ಆದರೂ ಗೋಕಾಕದ ಬಸ್ ನಿಲ್ದಾಣದ ಎದುರು ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಇಲ್ಲಿನ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಆ ಭಾನುವಾರ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಬಾಡಿಗೆ ಟೆಂಪೋದಲ್ಲಿ ಕೂರಿಸಿಕೊಂಡು ಹೊರಟೆ. ಮೊದಲು ಹುಕ್ಕೇರಿ ತಾಲೂಕಿನ, ನೆರೆಗೆ ಸಿಗುವ ಹೊಳೆದಂಡೆಯ ಊರು ಘೋಡಗೇರಿ, ಆಮೇಲೆ ಮೂಡಲಗಿ ಹತ್ತಿರದ ಒಂದು ಹಳ್ಳಿ. ಅದು ನಮ್ಮ ವಿದ್ಯಾರ್ಥಿನಿ ರೂಪಾಳ ಊರು. ಪ್ರಪಂಚದ ಎಲ್ಲೆಲ್ಲಿ ನೀರಾವರಿಯಿಂದಲೇ ನೆಲ ಹಾಳಾಗುತ್ತಿದೆ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಅವಳು ಎದ್ದು ನಿಂತು, "ಮೇಡಂ, ನಮ್ಮ ಹೊಲಾ ನೋಡಾಕ ಬರ್ರಿ. ಪುಸ್ತಕದಾಗಿಂದೆಲ್ಲಾ ಅಲ್ಲೇ ಐತಿ" ಎಂದಿದ್ದಳು.

ಗೋಕಾಕ ಫಾಲ್ಸ್‌ನಲ್ಲಿ ಚಹಾಕ್ಕೆ ಇಳಿದೆವು. ಮಳೆಗಾಲದಲ್ಲಿ ಮಾತು ಕೇಳಿಸದಂತೆ ಅಬ್ಬರಿಸುವ ಜಾಗ. ಈಗ ಬಂಡೆಯ ಮೇಲೆ ಒಂದೆರಡು ಎಳೆ ನೀರು ಜಾರುತ್ತಿತ್ತು. ಹಳೆಯ ಮಿಲ್ಲಿನ ಗೋಡೆಯ ಮುಂದೆ ನಿಂತು ಹುಡುಗಿಯರು ಫೋಟೋ ತೆಗೆಸಿಕೊಂಡರು. ಅಲ್ಲಿಂದ ಮುಂದೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು. ಒಂದನ್ನು ದಾಟಿದರೆ ಇನ್ನೊಂದು. ಘೋಡಗೇರಿ ತಲುಪುವಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು.

ಹೊಳೆಯ ಕಡೆ ನಡೆದು ಹೋಗುತ್ತಿದ್ದಾಗ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕರೆದು ಮಜ್ಜಿಗೆ ಕೊಟ್ಟಳು. ಹೊಳೆ ಉಕ್ಕಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದೆ. ಅವಳು ನಾವು ನಿಂತ ಜಾಗವನ್ನೇ ತೋರಿಸಿದಳು. "ಬರತೈತಿ, ಬೆಳಿ ತಿಂದು ಹೋಗತೈತಿ. ಹೋದಮ್ಯಾಲೆ ಮತ್ತ ಬಿತ್ತೂದು. ಏನ್ ಮಾಡೂದ್ರಿ?" ಎಂದಳು. ಇಷ್ಟು ಹೇಳಿ ನಕ್ಕು ಮತ್ತೆ ಕುರುಪಿ ಹಿಡಿದಳು. ರೂಪಾ ಮಾತ್ರ ನಗಲಿಲ್ಲ. "ಇವರ ನೀರು ಹೋಗತೈತಲ್ರಿ. ನಮ್ಮದು ಹೋಗಂಗಿಲ್ಲ" ಎಂದು ನನಗಷ್ಟೇ ಕೇಳುವಂತೆ ಹೇಳಿದಳು.

ಅವಳ ಊರು ಮುಟ್ಟಿದಾಗ ಎಲ್ಲರಿಗೂ ಹಸಿವೆ. ರೂಪಾಳ ತಾಯಿ ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಮೊಸರು ಸಿದ್ಧ ಮಾಡಿಟ್ಟಿದ್ದರು. ಉಂಡು, ಅವಳ ತಂದೆ ಶಿವಪ್ಪನ ಹಿಂದೆ ಹೊಲಕ್ಕೆ ನಡೆದೆವು. ದೂರದಿಂದ ಯಾರೋ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ನೆಲದ ಮೇಲೆ ಸವಳಿನ, ಅಂದರೆ ಉಪ್ಪಿನ, ಬಿಳಿ ಪದರು, ಕಾಲಿಟ್ಟರೆ ಕೆಳಗೆ ಜಿಗಿಜಿಗಿ ಕೆಸರು. ಕಬ್ಬಿನ ಕೂಳೆಗಳು ಅಲ್ಲಲ್ಲಿ ಒಣಗಿ ನಿಂತಿದ್ದವು.

"ಕಾಲುವಿ ಬಂದಾಗ ನಮ್ಮಪ್ಪ ಪೇಢೆ ಹಂಚಿದ್ದ್ರಿ" ಎಂದ ಶಿವಪ್ಪ. "ನೀರು ಐತಂತ ಬಿಟ್ಟಿವಿ. ಕಬ್ಬಿನ ಮ್ಯಾಲೆ ಕಬ್ಬು, ನೀರಿನ ಮ್ಯಾಲೆ ನೀರು. ಅದೆಲ್ಲಾ ಕೆಳಗ ಕೂತು, ಉಪ್ಪ ಹೊತ್ಕೊಂಡು ಮ್ಯಾಲೆ ಬಂತು."

ಅವನು ನೆಲದೊಳಗೆ ತೂತಿನ ಪೈಪು ಹೂಳಿಸಿದ್ದ. ಜೌಗು ನೀರು ಅದರೊಳಗೆ ಬಸಿದು ಆಚೆಯ ಹಳ್ಳಕ್ಕೆ ಹೋಗಬೇಕು. ಆದರೆ ಹಳ್ಳಕ್ಕೂ ಅವನ ಹೊಲಕ್ಕೂ ನಡುವೆ ಈರಪ್ಪನ ಹೊಲವಿತ್ತು. ಈರಪ್ಪ ಪೈಪು ದಾಟಿಸಲು ಒಪ್ಪಿರಲಿಲ್ಲ. ಎರಡು ಮನೆಗಳ ಮಾತೂ ನಿಂತಿತ್ತು.

ನಾವು ಬದುವಿನ ಮೇಲೆ ನಿಂತದ್ದನ್ನು ಕಂಡು ಈರಪ್ಪನೇ ಬಂದ. ಎಪ್ಪತ್ತರ ಆಸುಪಾಸಿನ, ಬಿಳಿ ಟೊಪ್ಪಿಗೆಯ ಮನುಷ್ಯ. "ಮಂದೀನ ಕರ್ಕೊಂಡ ಬಂದ್ರ ನಾ ಅಂಜಂಗಿಲ್ಲ ಶಿವಪ್ಪಾ. ನಿನ್ನ ಉಪ್ಪನೀರು ನನ್ನ ಬಾವಿಗೆ ಇಳಿದ್ರ ಯಾರನ್ನ ಕೇಳ್ಲಿ?"

ನಾವು ಅಧಿಕಾರಿಗಳಲ್ಲ, ಕಲಿಯಲು ಬಂದವರು ಎಂದೆ. ನಿಮ್ಮ ಹೊಲವನ್ನೂ ನೋಡಬಹುದೇ ಎಂದು ಕೇಳಿದೆ. ಅವನ ಮುಖ ಸ್ವಲ್ಪ ಸಡಿಲಾಯಿತು. "ನೋಡಾಕ ಏನ್ರಿ, ಬರ್ರಿ."

ಅವನ ಗೋಧಿ ಹಸನಾಗಿತ್ತು. ಹೊಲದ ನಡುವೆ ಕಲ್ಲುಕಟ್ಟೆಯ ಒಂದು ಸಮಾಧಿ. ಮೇಲೆ ಅಂದೇ ಇಟ್ಟ ಚೆಂಡುಹೂ. ಅದು ಅವನ ಹೆಂಡತಿ ಗಂಗವ್ವನದು. ರೂಪಾಳನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳಂತೆ. ರೂಪಾ ಬಗ್ಗಿ ಕಟ್ಟೆಗೆ ಕೈ ಮುಟ್ಟಿಸಿ ನಮಸ್ಕರಿಸಿದಳು. ಬೆರಳು ಬೆಳ್ಳಗಾದದ್ದನ್ನು ನೋಡಿಕೊಂಡಳು.

"ಅಜ್ಜಾ, ಅಜ್ಜಿ ಗದ್ದಗಿಗೂ ಉಪ್ಪ ಹತ್ತೈತಿ."

"ಸುಣ್ಣಾ ಅದು. ನಾನ ಹಚ್ಚಿದ್ದೆ" ಎಂದ ಈರಪ್ಪ ತಟ್ಟನೆ.

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕಟ್ಟೆಯ ಅಂಚು ಒರೆಸಿದ. ಒರೆಸಿ ಒರೆಸಿ ಆ ಕಲ್ಲು ಅಲ್ಲಿ ನುಣುಪಾಗಿತ್ತು. ಆಮೇಲೆ ಅಲ್ಲೇ ಕುಕ್ಕರಿಸಿದ. "ದಿನಾ ಒರಸ್ತೇನ್ರಿ. ಮುಂಜಾನೆ ಮತ್ತ ಬಂದಿರತೈತಿ. ಪೈಪ್ ಹಾಕಿದ್ರ ಇಲ್ಲೇ ಅಗೀತಾರಲ್ಲಾ, ಅದಕ್ಕ ಬ್ಯಾಡ ಅಂದೆ. ಬಾವೀದು ಸುಳ್ಳ ನೆಪಾ."

ಶಿವಪ್ಪ ತಲೆ ತಗ್ಗಿಸಿದ. "ಇದನ್ನ ಮೊದಲ ಹೇಳಬಾರದಾಗಿತ್ತನ ಕಾಕಾ?"

"ಹೆಂಗ ಹೇಳ್ಲೋ? ಸತ್ತಾಕಿ ಸಲುವಾಗಿ ನಿನ್ನ ಹೊಲಾ ಕೆಡಸಾಕತ್ತೇನಿ ಅಂತ ಹೇಳ್ಲಾ?"

ಈರಪ್ಪ ನನ್ನ ಕಡೆ ತಿರುಗಿದ. "ನೀರ ಹಳ್ಳಕ್ಕ ಹೋದ್ರ ಈ ಉಪ್ಪ ನಿಲ್ಲತೈತೇನ್ರಿ?"

ಖಾತ್ರಿ ಹೇಳಲಾರೆ ಎಂದೆ. ಶಿವಪ್ಪನ ಹೊಲದ ಕೆಳಗಿನ ನೀರು ಇಳಿದರೆ ಇತ್ತಲೂ ಉಪ್ಪು ಏರುವುದು ಕಡಿಮೆಯಾಗಬೇಕು. ಈ ಹೊಲದೊಳಗೆ ತೂತಿಲ್ಲದ ಪೈಪು ಹಾಕಿದರೆ ಬಾವಿಗೂ ತೊಂದರೆಯಿಲ್ಲ ಎಂದೂ ಹೇಳಿದೆ. ಅವನು ಎದ್ದು ದೂರದ ಬೇವಿನ ಮರ ತೋರಿಸಿದ. "ಅಕಡೆಯಿಂದ ಸುತ್ತ ಹಾಕಿ ಒಯ್ಯಿರಿ. ಅಕಿ ಬಾಜೂಕ ಗುದ್ದಲಿ ಬೀಳಬಾರದು."

"ಬೀಳೂದಿಲ್ಲ ಕಾಕಾ" ಎಂದ ಶಿವಪ್ಪ.

ಟೆಂಪೋ ಕಡೆ ಬರುವಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಮೇಡಂ, ಆ ಉಪ್ಪು ಹಳ್ಳದಿಂದ ಎಲ್ಲಿ ಹೋಗತೈತ್ರಿ?" ಹಳ್ಳದಿಂದ ಹೊಳೆಗೆ, ಹೊಳೆಯಿಂದ ಇನ್ನೊಬ್ಬರ ಊರಿಗೆ ಎಂದೆ. ಪಂಜಾಬಿನಲ್ಲೂ ಸಿಂಧ್‌ನಲ್ಲೂ ರೈತರ ಮುಂದೆ ಇದೇ ಪ್ರಶ್ನೆಯಿದೆ. ನೀರು ಕಡಿಮೆ ಬಿಡುವುದರಿಂದಲೇ ಶುರುಮಾಡಬೇಕು ಎಂದಷ್ಟೇ ಹೇಳಿದೆ.

ರೂಪಾ ಆ ರಾತ್ರಿ ಊರಲ್ಲೇ ಉಳಿಯುತ್ತೇನೆಂದಳು. ಟೆಂಪೋ ಹೊರಳಿ ರಸ್ತೆಗೆ ಏರಿದಾಗ ಕಿಟಕಿಯಿಂದ ನೋಡಿದೆ. ಬೇವಿನ ಮರದ ಹತ್ತಿರ ಶಿವಪ್ಪ ಪೈಪಿನ ದಾರಿ ಗುರುತಿಸಲು ಹಗ್ಗ ಕಟ್ಟಿದ ಗೂಟ ಬಡಿಯುತ್ತಿದ್ದ. ಈರಪ್ಪ ಹಗ್ಗದ ಇನ್ನೊಂದು ತುದಿ ಹಿಡಿದು, ತನ್ನ ಗೋಧಿಯನ್ನು ತಾನೇ ತುಳಿಯುತ್ತ ಹಳ್ಳದ ಕಡೆ ನಡೆದಿದ್ದ.