ಸದರ್ನ್ ಪುಡ್ಡಿಂಗಿಗೆ ಕಾಯಿಹಾಲು

ಮೊನ್ನೆ ಸಾಲ್ಮಿಯಾದ ಕಡಲ ಬದಿಯ ಹೋಟೆಲೊಂದಕ್ಕೆ ಮಗ ನಮ್ಮನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದ. ಪಕ್ಕದ ಮೇಜಿಗೆ ಹಬೆಯಾಡುವ ತಟ್ಟೆಯೊಂದು ಬಂತು. ಬೆಣ್ಣೆ, ದಾಲ್ಚಿನ್ನಿ, ಕಾದ ಸಕ್ಕರೆಯ ಪರಿಮಳ. ಅದೇನೆಂದು ಕೇಳಿದೆ.

"ಸದರ್ನ್ ಬ್ರೆಡ್ ಪುಡ್ಡಿಂಗ್ ಅಪ್ಪ. ಮೇಲೆ ಬಿಸಿ ಸಿಹಿ ಸಾಸ್ ಹಾಕಿ ಕೊಡ್ತಾರೆ."

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ತಾನು ಹೆಸರು ಮಾಡಿದ ತಿಂಡಿಯ ಮಾತು ಬಂದರೆ ಯಾವ ಅಡುಗೆಯವನಿಗೂ ಹಾಗಾಗುತ್ತದೆ. "ಒಂದು ತರಿಸು. ಇವರು ಹೇಗೆ ಮಾಡ್ತಾರೆ ನೋಡುವ," ಎಂದೆ.

ಅದು ಬರುವಷ್ಟರಲ್ಲಿ ನಿಮಗೆ ಸಂಗತಿ ಹೇಳಿಬಿಡುತ್ತೇನೆ.

ಕೊಲ್ಲಿ ಯುದ್ಧ ಮುಗಿದು ಇಲ್ಲಿನ ಎಣ್ಣೆಬಾವಿಗಳು ಉರಿಯುತ್ತಿದ್ದ ತೊಂಬತ್ತೊಂದರ ಮಾತು. ಶುಐಬಾದ ಹತ್ತಿರ, ಬೆಂಕಿ ಆರಿಸಲು ಬಂದ ಅಮೆರಿಕದವರ ಕ್ಯಾಂಪು. ಹಗಲಲ್ಲೇ ದೀಪ ಹಾಕಬೇಕು. ಬ್ರೆಡ್ಡನ್ನು ಮುಚ್ಚದೆ ಇಟ್ಟರೆ ಕಾವಲಿಯ ಬಣ್ಣಕ್ಕೆ ಬರುತ್ತಿತ್ತು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲು ಸೇರಿದವನು ನಾನು. ಆ ಕ್ಯಾಂಪಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಊರಿಗೆ ಹೋದ ಅಡುಗೆಯವನು ಮರಳಿ ಬಾರದೆ ಒಲೆ ನನ್ನ ಕೈಗೆ ಬಂದಿತ್ತು. ಸಿಕ್ಕಿದ್ದನ್ನು ಬಿಡುವ ಪೈಕಿ ನಾನಲ್ಲ.

ಅಮೆರಿಕದವರ ಫೋರ್‌ಮನ್ ಹೆಸರು ರಾಯ್. ನಮ್ಮ ರೈಗಳಿಗೂ ಅವನಿಗೂ ಏನೋ ಸಂಬಂಧವಿರಬೇಕೆಂದು ನನಗೆ ಗುಮಾನಿ. ಮೀಸೆಯೂ ಹಾಗೆಯೇ ಇತ್ತು. ಅವನು ದಿನಾ ಊಟ ಅರ್ಧಕ್ಕೆ ಬಿಟ್ಟೇಳುವುದು ಮುದೀರ್‌ನ, ಅಂದರೆ ನಮ್ಮ ಮ್ಯಾನೇಜರನ, ಕಣ್ಣಿಗೆ ಬಿತ್ತು. "ಶುಕ್ರವಾರ ಮಿಸ್ಟರ್ ರಾಯ್ ಖುಷಿ ಇಲ್ಲ, ನೀನು ಖಲಾಸ್. ಯಲ್ಲಾ, ವಾಪಸ್ ಪಾತ್ರೆ," ಎಂದ.

ರಾಯ್‌ಗೆ ಏನು ಬೇಕೆಂದು ಕೇಳಿಕೊಂಡು ಬಂದವನು ಆಫೀಸಿನ ಲಾರೆನ್ಸ್, ನಾನು ಪೊರ್ಬುಗಳೇ ಎಂದು ಕರೆಯುತ್ತಿದ್ದ ಮಂಗಳೂರಿನ ಕ್ರಿಶ್ಚನ್.

"ಅವನ ಅಮ್ಮ ಮಾಡುವ ಸದರ್ನ್ ಬ್ರೆಡ್ ಪುಡ್ಡಿಂಗ್ ಬೇಕಂತೆ ಮಾರಾಯ. ಹಳೇ ಬ್ರೆಡ್, ಹಾಲು, ಮೊಟ್ಟೆ, ಒಣದ್ರಾಕ್ಷಿ. ಮೇಲೆ ಬಿಸಿ ಸಾಸ್. ಗೊತ್ತುಂಟಾ ನಿಂಗೆ?"

"ಸದರ್ನ್ ಅಂದ್ರೆ?"

"ಸೌತಿಂದು."

"ಸೌತ್ ಅಂದ್ರೆ ನಾವೇ ಅಲ್ವಾ ಪೊರ್ಬುಗಳೇ. ನನಗೆ ಗೊತ್ತಿಲ್ಲದೆ ಇರ್ತದಾ?"

"ಅವರ ಸೌತ್ ಬೇರೆ."

"ಎಷ್ಟು ಸೌತ್ ಇರ್ತದೆ? ಒಂದೇ ಅಲ್ವಾ?"

ಲಾರೆನ್ಸ್ ಹಣೆ, ಎದೆ, ಹೆಗಲು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡ. ಬಾಗಿಲಲ್ಲಿ ತಿರುಗಿ, "ಟೊಮೆಟೊ ಸಾಸ್ ಅಲ್ಲ ಮತ್ತೆ, ಸಿಹಿಯದ್ದು," ಎಂದ. ಹೇಳಿದ್ದು ಒಳ್ಳೆಯದಾಯಿತು, ನಾನಾಗಲೇ ಬಾಟಲಿಗೆ ಕೈ ಚಾಚಿದ್ದೆ.

ಬಿಸಿ, ಸಿಹಿ, ಮೇಲಿಂದ ಹೊಯ್ಯುವಂಥದ್ದು. ನೀವೇ ಹೇಳಿ, ನಮ್ಮ ಕಡೆ ಹುಟ್ಟಿದವನಿಗೆ ಎರಡನೆಯ ಉತ್ತರ ಹೊಳೆಯುವುದುಂಟೇ? ಶಾವಿಗೆಗೆ ಹಾಕುವ ಕಾಯಿಹಾಲು. ಮೈದಾನ್ ಹವಲ್ಲಿಯ ಅಂಗಡಿಯಿಂದ ತೆಂಗಿನಕಾಯಿ, ಬೆಲ್ಲ ತರಿಸಿದೆ. ಅರೆದು, ಹಿಂಡಿ, ಏಲಕ್ಕಿ ಗುದ್ದಿ ಹಾಕಿ ಕುದಿಸದೆ ಬಿಸಿ ಮಾಡಿದೆ. ಸಿಹಿತಿಂಡಿಗೆ ಮೊಟ್ಟೆಯ ವಾಸನೆ ಯಾಕೆಂದು ಅದನ್ನು ಬಿಟ್ಟೆ. ಬ್ರೆಡ್ಡನ್ನು ಹಾಲಲ್ಲಿ ಕಲಸಿ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿದೆ. ಅವನಮ್ಮನಿಗೆ ತಿಳಿಯದ ಒಂದೆರಡು ಸುಧಾರಣೆ ಎಂದುಕೊಳ್ಳಿ.

ಶುಕ್ರವಾರ ರಾಯ್ ಒಂದು ಚಮಚ ಬಾಯಿಗಿಟ್ಟ. ಅಗಿಯುವುದು ನಿಂತಿತು. ಅವನ ಹಿಂದೆ ಮುದೀರ್ ನಿಂತಿದ್ದ. ಆದರೂ, "ಐ ಆಲ್ಸೋ ಸೌತ್, ಸರ್," ಎಂದೆ. ರಾಯ್ ನನ್ನ ಮುಖ ನೋಡಿದ. ಆಮೇಲೆ ನುಂಗಿ, ಮುದೀರ್ ಕಡೆ ತಿರುಗಿ ಏನೋ ಹೇಳಿದ.

"ಥೇಟ್ ಅಮ್ಮನ ಕೈರುಚಿ ಅಂತೆ," ಎಂದ ಪಕ್ಕದಲ್ಲೇ ನಿಂತಿದ್ದ ಲಾರೆನ್ಸ್. ಅವನಿಗೇ ನಂಬಿಕೆ ಬಂದಂತಿರಲಿಲ್ಲ.

ಒಲೆ ನನ್ನದಾಯಿತು. ಇವತ್ತು ನನ್ನ ಕೈಕೆಳಗೆ ನಾಲ್ಕು ಮಂದಿ ಅಡುಗೆಯವರಿದ್ದಾರೆಂದರೆ ಅದಕ್ಕೆ ಆ ಶುಕ್ರವಾರವೇ ಕಾರಣ. ಮಗನ ಮದುವೆಯಲ್ಲೂ ಅದೇ ಪುಡ್ಡಿಂಗ್ ಬಡಿಸಿ, ಅಮೆರಿಕದವನ ಮಾತನ್ನು ಪಂಕ್ತಿ ಪಂಕ್ತಿಗೆ ಹೇಳಿದ್ದೇನೆ.

ಮೊನ್ನೆಯ ತಟ್ಟೆ ಬಂತು. ಒಂದು ಚಮಚ ಬಾಯಿಗಿಟ್ಟೆ. ನನ್ನ ಅಗಿಯುವಿಕೆಯೂ ನಿಂತಿತು. ಹೆಂಡತಿ ರುಚಿ ನೋಡಿ, "ನೀವು ಮಾಡುವುದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ವಲ್ಲ," ಎಂದಳು. ಇನ್ನೊಂದು ಚಮಚ ತಿಂದು ನೋಡಿದೆ, ಅವಳು ಹೇಳಿದ್ದು ನಿಜ.

ಮುದೀರ್‌ನ ಬೆದರಿಕೆಯನ್ನು ಲಾರೆನ್ಸ್ ಆಗಲೇ ರಾಯ್‌ನ ಕಿವಿಗೆ ಹಾಕಿರಬೇಕು. ಅಮ್ಮನ ಕೈರುಚಿ ಎಂಬ ಆ ಒಂದು ಸುಳ್ಳು ಹೇಳಿದ ತಪ್ಪಿಗೆ, ಪಾಪ, ಕೊನೆಯ ಬಾವಿ ಆರುವವರೆಗೂ ರಾಯ್ ಪ್ರತಿ ಶುಕ್ರವಾರ ಅದನ್ನು ತಿಂದ. ಸಾಕೆಂದು ಕೈ ಅಡ್ಡ ಹಿಡಿಯುತ್ತಿದ್ದ. ನಮ್ಮವನು, ಸಂಕೋಚ ಮಾಡುತ್ತಾನೆ ಎಂದುಕೊಂಡು, ಆ ಕೈ ಸರಿಸಿ ಇನ್ನೊಂದು ಸೌಟು ಹೊಯ್ಯುತ್ತಿದ್ದವನು ನಾನೇ.